ಬಾಯಿ ಸಾವಿರ, ಕೈ ಎರಡೇ

ಜಯನಗರದಲ್ಲಿ ಒಂದು ಮಗು ಹುಟ್ಟಿತೆಂದರೆ ಇಡೀ ಬ್ಲಾಕಿಗೇ ಡಾಕ್ಟರ್ ಪದವಿ ಬಂದುಬಿಡುತ್ತದೆ. ಮಹಡಿ ಮನೆಯವರು ಮಕ್ಕಳ ತಜ್ಞರು. ಹಾಲಿನ ಬೂತಿನಲ್ಲಿ ನಮ್ಮ ಹಿಂದೆ ನಿಂತವರು ಆಹಾರ ತಜ್ಞರು. ಮಾಧವನ್ ಪಾರ್ಕಿನಲ್ಲಿ ಕೈ ಬೀಸಿಕೊಂಡು ಸುತ್ತು ಹಾಕುವ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿದ್ದಾರೆ. ತಮ್ಮ ಮೂರು ಮಕ್ಕಳಲ್ಲಿ ಒಂದನ್ನಾದರೂ ತಟ್ಟಿ ಮಲಗಿಸಿದವರಲ್ಲ, ಶಿಶುನಿದ್ರೆಯ ಬಗ್ಗೆ ಮಾತ್ರ ಒಂದು ಸುತ್ತಿನಷ್ಟು ಉದ್ದದ ಉಪನ್ಯಾಸ ಕೊಡುತ್ತಾರೆ. ‘ಎಳೆಬಿಸಿಲಿಗೆ ಹಿಡೀರಿ.’ ‘ಅಯ್ಯೋ, ಕಪ್ಪಾಗುತ್ತೆ, ಒಳಗೆ ಕರ್ಕೊಂಡು ಹೋಗಿ.’ ‘ಸಾಕ್ಸ್ ಹಾಕಿಲ್ವಾ?’ ‘ಈ ಸೆಕೇಲಿ ಸಾಕ್ಸ್ ಯಾಕ್ರೀ?’ ಈ ನಾಲ್ಕೂ ಮಾತು ಒಂದೇ ಗೇಟಿನ ಮುಂದೆ, ಹತ್ತು ನಿಮಿಷದೊಳಗೆ, ಒಬ್ಬಳೇ ಬಾಣಂತಿಯ ಕಿವಿಗೆ ಬೀಳುತ್ತವೆ. ಬಾಣಂತಿಯ ಕಿವಿಗೆ ಹತ್ತಿ ಇಡಬೇಕು ಅಂತ ಹಿರಿಯರು ಯಾಕೆ ಹೇಳಿದ್ದರೋ ಈಗ ಗೊತ್ತಾಗುತ್ತಿದೆ. ತಣ್ಣನೆ ಗಾಳಿಗೆ ಹೆದರಿ ಅಂತೂ ಇರಲಾರದು.

ನನಗೂ ಈಚೆಗೆ ಅಜ್ಜಿಯಾಗಿ ಬಡ್ತಿ ಸಿಕ್ಕಿದೆ. ಸಂಬಳವಿಲ್ಲದ ಹುದ್ದೆ, ಸಲಹೆ ಕೊಡುವ ಅಧಿಕಾರ ಮಾತ್ರ ಪೂರಾ. ಹಾಗಾಗಿ ಇದನ್ನೆಲ್ಲ ಪಾಳೆಯದ ಒಳಗಿನವಳೇ ಹೇಳುತ್ತಿದ್ದಾಳೆ ಅಂದುಕೊಳ್ಳಿ. ನನ್ನ ತಕರಾರು ಒಂದೇ. ಬಾಣಂತನ ಅನ್ನುವುದು ಕೈಯ ಕೆಲಸ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಎಲ್ಲ ಸೇರಿ ಅದನ್ನು ಬಾಯಿಯ ಕೆಲಸ ಮಾಡಿಟ್ಟಿವೆ.

ಹಳೆಯ ಬಾಣಂತನ ನೆನೆಸಿಕೊಳ್ಳಿ. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ನೀವಿ, ಹಂಡೆಯ ನೀರು ಎರೆಯೋರು. ದೊಡ್ಡಮ್ಮ ಕೆಂಡಕ್ಕೆ ಸಾಂಬ್ರಾಣಿ ಉದುರಿಸೋರು. ಚಿಕ್ಕಮ್ಮ ಲಂಗೋಟಿ ಒಗೆದು ಹರವೋರು. ಅಡುಗೆಮನೆಯಲ್ಲಿ ಒಬ್ಬರು ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಚಟ್ನಿ. ಇನ್ನೊಬ್ಬರು ಕೊಬ್ಬರಿ ತುರಿದು, ಅಂಟು ತುಪ್ಪದಲ್ಲಿ ಹುರಿದು ಉಂಡೆ ಕಟ್ಟೋರು. ಬಾಣಂತಿಗೆ ಇದ್ದ ಕೆಲಸ ಉಣ್ಣುವುದು, ಹಾಲೂಡಿಸುವುದು, ಮಲಗುವುದು. ಇವರ್‍ಯಾರೂ ಬಾಯಿಗೆ ಬೀಗ ಹಾಕಿಕೊಂಡಿರಲಿಲ್ಲ, ದಿನಕ್ಕೆ ನೂರೆಂಟು ಅನ್ನೋರು. ಆದರೆ ಅನ್ನುತ್ತ ಅನ್ನುತ್ತಲೇ ಕೈ ಆಡುತ್ತಿತ್ತು.

ಹಾಗಂತ ಆ ಕಾಲವನ್ನು ಅಟ್ಟಕ್ಕೇರಿಸುವುದೂ ಬೇಡ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ ಅಂತ ಲೋಟ ಅಳೆದು ಕೊಡುತ್ತಿದ್ದರು. ಇನ್ನು ಗಿಣ್ಣಿನ ಕತೆ ಕೇಳಿ. ಹಸು ಕರು ಹಾಕಿದರೆ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತಿದ್ದ ಮನೆಗಳೇ, ಹೆತ್ತ ಹೆಣ್ಣಿನ ಮೊದಲ ಹಾಲನ್ನು ‘ಕೆಟ್ಟ ಹಾಲು’ ಅಂತ ಹಿಂಡಿ ಚೆಲ್ಲಿಸುತ್ತಿದ್ದವು. ಆ ಹಳದಿ ಹಾಲಿನಲ್ಲೇ ಮಗುವಿಗೆ ರೋಗ ತಡೆಯುವ ಶಕ್ತಿ ಇರುವುದು, ಹೆರಿಗೆಯಾದ ಒಂದು ಗಂಟೆಯೊಳಗೇ ಕುಡಿಸಿ ಅಂತ ಡಾಕ್ಟರುಗಳು ಬಾಯಿ ನೋಯುವಷ್ಟು ಹೇಳುತ್ತಿದ್ದಾರೆ. ಹಸುವಿನ ವಿಷಯದಲ್ಲಿ ಇದ್ದ ಬುದ್ಧಿ ಸೊಸೆಯ ವಿಷಯಕ್ಕೆ ಬಂದಾಗ ಎಲ್ಲಿ ಮೇಯಲು ಹೋಗಿತ್ತೋ.

ಅಜ್ಜಿಯರ ಮೊದಲ ಯಾತ್ರೆ ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಗೆ. ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ತೇಯುವುದಕ್ಕೊಂದು ಸಾಣೆಕಲ್ಲು. ಮನೆಗೆ ತಂದು ಹರಡಿದರೆ ಮಗಳು ಮೊಬೈಲಿನಿಂದ ತಲೆಯೆತ್ತದೆ, ‘ಅಮ್ಮ, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಇಲ್ಲ. ನೀರೂ ಇಲ್ಲ, ಜೇನೂ ಇಲ್ಲ’ ಅನ್ನುತ್ತಾಳೆ. ಡಾಕ್ಟರು ಅವಳ ಕಡೆಗೇ ಇದ್ದಾರೆ. ಜೇನಂತೂ ಒಂದು ವರ್ಷ ತುಂಬುವ ತನಕ ನಾಲಿಗೆಗೆ ತಾಗಿಸಕೂಡದಂತೆ, ಕೂಸುಗಳಿಗೆ ಅದರಿಂದ ಅಪಾಯದ ಕಾಯಿಲೆ ಬರಬಹುದಂತೆ. ‘ಹೋಗಲಿ, ಗ್ರೈಪ್ ವಾಟರ್? ಅದು ನಮ್ಮಜ್ಜಿ ಕಾಲದಿಂದ ಬಂದಿದ್ದು!’ ಅಂತ ಬೀಗಿತ್ತಿಯವರ ಕೊನೆಯ ಅಸ್ತ್ರ. ಆ ಅಜ್ಜಿಯ ತವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ವಿಲಿಯಂ ವುಡ್‌ವರ್ಡ್ ಅನ್ನುವ ಔಷಧ ವ್ಯಾಪಾರಿ 1851ರಲ್ಲಿ ಅಲ್ಲಿ ತಯಾರಿಸಿದ್ದು ಅದು. ಹಳೆಯ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಆಲ್ಕೋಹಾಲೂ ಇತ್ತು. ಮಗು ಕುಡಿದ ಕೂಡಲೇ ಯಾಕೆ ತೆಪ್ಪಗೆ ಮಲಗುತ್ತಿತ್ತು ಅನ್ನುವುದಕ್ಕೆ ಬೇರೆ ಸಂಶೋಧನೆ ಬೇಕೇ? ಈಗಿನ ಬಾಟಲಿಯಲ್ಲಿ ಅದಿಲ್ಲ, ಹಾಗಾಗಿ ಮಗುವೂ ಮೊದಲಿನಷ್ಟು ಒಪ್ಪುವುದಿಲ್ಲ.

ಸಂಜೆಯ ಅಳು ಬೇರೆಯದೇ ಪ್ರಕರಣ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಶುರು. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರವಿಲ್ಲ, ಆದರೂ ಮುಷ್ಟಿ ಕಟ್ಟಿ, ಮುಖ ಕೆಂಪಗೆ ಮಾಡಿಕೊಂಡು ಒಂದೇ ಸಮ. ಅಮೆರಿಕದ ಡಾಕ್ಟರ್ ಮೋರಿಸ್ ವೆಸೆಲ್ 1954ರಲ್ಲೇ ಇದಕ್ಕೊಂದು ಲೆಕ್ಕ ಹಾಕಿಟ್ಟರು: ಆರೋಗ್ಯವಾಗಿರುವ ಮಗು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರದಲ್ಲಿ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಅತ್ತರೆ ಅದು ಕಾಲಿಕ್. ಮೂರ್ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಬಹುಪಾಲು ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ಎತ್ತಿಕೊಂಡು ಹಜಾರದಲ್ಲಿ ಓಡಾಡುವುದೇ ಮದ್ದು. ಬೀಗಿತ್ತಿಯವರ ಲೆಕ್ಕದಲ್ಲಿ ಇದು ಎದುರು ಮನೆಯವರ ದೃಷ್ಟಿ. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನಿವಾಳಿಸುತ್ತಾರೆ. ಇದನ್ನು ನಾನು ಆಡಿಕೊಳ್ಳುವುದಿಲ್ಲ. ನಿವಾಳಿಸಬೇಕಾದರೆ ಮಗುವನ್ನು ಯಾರಾದರೂ ಎತ್ತಿಕೊಂಡು ಕೂರಬೇಕಲ್ಲ? ಅಮ್ಮನಿಗೆ ಅಷ್ಟು ಹೊತ್ತಿನಲ್ಲಿ ಒಂದು ಲೋಟ ಕಾಫಿಯಾದರೂ ಬಿಸಿಯಾಗಿ ದಕ್ಕುತ್ತದೆ. ಇಂಡಕ್ಷನ್ ಒಲೆಯ ಮೇಲೆ ದೃಷ್ಟಿ ಸುಡುವ ವಿಧಾನ ಯಾವುದು ಅನ್ನುವುದೊಂದು ಶಾಸ್ತ್ರದಲ್ಲಿ ಇನ್ನೂ ಸೇರಬೇಕಾಗಿದೆ.

ಸಾಂಬ್ರಾಣಿಯ ಗತಿಯೂ ಹಾಗೇ. ಜೆ.ಪಿ. ನಗರ ಏಳನೇ ಹಂತದಾಚೆ ಎದ್ದಿರುವ ಗೋಪುರದಂಥ ಅಪಾರ್ಟ್‌ಮೆಂಟೊಂದರಲ್ಲಿ ನನ್ನ ಗೆಳತಿ ಮೊಮ್ಮಗಳ ತಲೆ ಆರಿಸಲು ಧೂಪಾರತಿಯಲ್ಲಿ ಕೆಂಡ ಮಾಡಿ ಸಾಂಬ್ರಾಣಿ ಹಾಕಿದ್ದಾಳೆ. ಚಾವಣಿಯ ಹೊಗೆ ಗಂಟೆ ಬಡಿದುಕೊಂಡು, ಟೈ ಕಟ್ಟಿದವರು, ಸ್ನಾನದ ಟವೆಲಿನವರು, ನಾಯಿ ಹಿಡಿದವರು, ಎಲ್ಲರೂ ಮೆಟ್ಟಿಲಿಳಿದು ಅಂಗಳಕ್ಕೆ ಬಂದಿದ್ದಾರೆ. ಮಗು ಮಾತ್ರ ಆವತ್ತು ಕಣ್ತುಂಬ ನಿದ್ದೆ ಮಾಡಿತಂತೆ. ಹೊಗೆ ಕೂಸಿನ ಎದೆಗೆ ಒಳ್ಳೆಯದಲ್ಲ ಅಂತ ಡಾಕ್ಟರು ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಸೊಸೈಟಿಯ ಕಾರ್ಯದರ್ಶಿ ಹೇಳಿದ ಮೇಲೆ ಕೇಳಿದ್ದಾಳೆ. ಇದೇ ಗೆಳತಿ ಬರುವ ವರ್ಷ ಮಗನ ಮನೆಗೆ ಕ್ಯಾಲಿಫೋರ್ನಿಯಾಗೆ ಹೋಗುವವಳು. ಅಲ್ಲಿ ಗಂಟೆ ಬಡಿದರೆ ಅಗ್ನಿಶಾಮಕದವರೇ ಬರುತ್ತಾರೆ ಅಂತ ಮಗ ಈಗಲೇ ಹೇಳಿಟ್ಟಿದ್ದಾನೆ.

ಅಜ್ಜಿಯರದ್ದಾಯಿತು, ಈಗ ಹೊಸ ಬಾಯಿಯ ವಿಷಯ. ಅದು ಫೋನಿನೊಳಗಿದೆ. ಎಡಗಡೆ ಎಷ್ಟು ನಿಮಿಷ ಹಾಲು, ಬಲಗಡೆ ಎಷ್ಟು ನಿಮಿಷ, ಉಚ್ಚೆ ಎಷ್ಟು ಸಲ, ಕಕ್ಕದ ಬಣ್ಣ ಯಾವುದು, ಎಲ್ಲಕ್ಕೂ ಅದರಲ್ಲಿ ಖಾನೆ ಇದೆ. ನಡುರಾತ್ರಿ ‘ನಿಮ್ಮ ಮಗು ಈ ವಾರ ನಗಬೇಕು’ ಅಂತ ಸೂಚನೆ ಕಳಿಸುತ್ತದೆ. ಮಗು ನಗದಿದ್ದರೆ ಅಮ್ಮ ಅಳಲು ಶುರು.

‘ಆ್ಯಪ್ ಪ್ರಕಾರ ಇವನಿಗೆ ಈಗ ಹಸಿವಾಗಬಾರದು ಅಮ್ಮ.’

‘ಅವನು ಆ್ಯಪ್ ಓದಿಲ್ಲ ಕಣೇ, ಹಾಲು ಕೊಡು.’

ಎಳೆಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ಅಂತ ಪುಸ್ತಕದಲ್ಲಿ ಬರೆದಿದೆ. ಸುಳ್ಳೇನಲ್ಲ. ಹಗಲು ಯಾವುದು, ರಾತ್ರಿ ಯಾವುದು ಅಂತ ದೇಹಕ್ಕೆ ತಿಳಿಯಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿದ್ದೆ ಬರುವುದು ಬಸ್ ಕಂಡಕ್ಟರ್ ಕೊಡುವ ಚಿಲ್ಲರೆಯ ಹಾಗೆ: ಕೂಡಿದರೆ ಮೊತ್ತ ಸರಿ, ಖರ್ಚಿಗೆ ಮಾತ್ರ ಬರುವುದಿಲ್ಲ. ಆ ಚಿಲ್ಲರೆಯನ್ನೂ ಕಿತ್ತುಕೊಳ್ಳಲು ದಕ್ಷಿಣ ಬೆಂಗಳೂರು ಪಣ ತೊಟ್ಟಿದೆ. ರೆಪ್ಪೆ ಕೂಡಿತು ಅನ್ನುವಾಗ ಮುದ್ರಿಸಿಟ್ಟ ದನಿಯಲ್ಲಿ ಹಳೇ ಪೇಪರಿನವನು. ಅವನು ಹೋದನೆಂದರೆ ಸೊಪ್ಪಿನವಳು. ಅವಳ ‘ದಂಟು, ಪಾಲಕ್, ಮೆಂತ್ಯ’ಕ್ಕೆ ಮೈಕೇ ಬೇಕಿಲ್ಲ. ಆಮೇಲೆ ಹಾಡುತ್ತ ಬರುವ ಕಸದ ಆಟೋ. ಆಮೇಲೆ ಕೊರಿಯರ್ ಹುಡುಗ; ಗೇಟಿಗೆ ‘ಮಗು ಮಲಗಿದೆ, ಬೆಲ್ ಒತ್ತಬೇಡಿ’ ಅಂತ ಬರೆದು ಅಂಟಿಸಿದ್ದನ್ನು ಓದಿ ಮುಗಿಸಿ, ಅದು ನಿಜವೇ ಅಂತ ಕೇಳಲು ಬೆಲ್ ಒತ್ತುತ್ತಾನೆ. ಪಕ್ಕದ ಸೈಟಿನಲ್ಲಿ ಹಳೆ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತಿದ್ದರೆ ಡ್ರಿಲ್ಲಿನದು ಬೆಳಗಿನ ಸಂಗೀತ. ಗಣೇಶ ಬಂದರೆ ಪೆಂಡಾಲು. ನವೆಂಬರಿನಲ್ಲಿ ರಾಜ್ಯೋತ್ಸವ, ಬೀದಿಗೊಂದು ಆರ್ಕೆಸ್ಟ್ರಾ, ತಿಂಗಳಿಡೀ. ಕನ್ನಡದ ಮೇಲೆ ನನಗೂ ಅಭಿಮಾನವಿದೆ. ರಾತ್ರಿ ಹತ್ತರ ಮೇಲೆ ಅಭಿಮಾನ ಸ್ವಲ್ಪ ತಗ್ಗಿದ ದನಿಯಲ್ಲಿದ್ದರೆ ನಾಳೆಯ ಕನ್ನಡಿಗರೂ ಮಲಗುತ್ತಾರೆ.

ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆದರೆ ಮಲಗುತ್ತದೆ ಅಂತ ಅಪ್ಪಂದಿರ ಒಂದು ಸಿದ್ಧಾಂತವಿದೆ. ಸಿದ್ಧಾಂತ ಸರಿಯೇ. ಗಾಡಿ ಉರುಳುತ್ತಿರುವಷ್ಟು ಹೊತ್ತು ಮಗು ಮಲಗಿರುತ್ತದೆ. ಆದರೆ ದೇವೇಗೌಡ ಪೆಟ್ರೋಲ್ ಬಂಕಿನಿಂದ ಬಿ.ಟಿ.ಎಂ. ಕಡೆಗೆ ಹೋಗುವ ರಸ್ತೆಯಲ್ಲಿ ಗಾಡಿ ಉರುಳುವುದು ಯಾವಾಗ? ಒಳರಸ್ತೆಗೆ ತಿರುಗಿಸಿದರೆ ಮನೆಗೊಂದು ಹಂಪು. ಕೊನೆಗೆ ಅಪ್ಪನೇ ಆಕಳಿಸುತ್ತ, ಮಗು ಕಣ್ಣರಳಿಸಿ ಊರು ನೋಡುತ್ತ ಮನೆಗೆ ಬರುತ್ತಾರೆ. ಸೀಮಂತಕ್ಕೆ ಬಂದ ತಳ್ಳುಗಾಡಿಯದೂ ಅದೇ ಪಾಡು. ಜಯನಗರದ ಫುಟ್‌ಪಾತು ಅಗಲ ಅಂತ ಊರೆಲ್ಲ ಹೊಗಳುತ್ತದೆ. ಅದರ ಮೇಲೆ ಮರದ ಬೇರು, ಟ್ರಾನ್ಸ್‌ಫಾರ್ಮರ್, ಎದ್ದ ಚಪ್ಪಡಿ, ನಿಲ್ಲಿಸಿದ ಸ್ಕೂಟರ್, ಪಾನಿಪುರಿ ಗಾಡಿ ಎಲ್ಲಕ್ಕೂ ಜಾಗವಿದೆ. ತಳ್ಳುಗಾಡಿ ಈಗ ನಮ್ಮ ಹಜಾರದಲ್ಲಿ ಒಗೆದ ಬಟ್ಟೆ ಹೊತ್ತುಕೊಂಡು ನಿಂತಿದೆ.

ಒಗೆಯುವ ಬಟ್ಟೆ ಅಂದಕೂಡಲೇ ನೀರು ನೆನಪಾಗುತ್ತದೆ. 2024ರ ಮಾರ್ಚಿನಲ್ಲಿ ಊರಿನ ಬೋರ್‌ವೆಲ್‌ಗಳು ಒಣಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಸಾರಿತಲ್ಲ, ಆಗ ಬಾಣಂತಿ ಇದ್ದ ಮನೆಯವರು ಟ್ಯಾಂಕರ್ ಚಾಲಕನನ್ನು ಅಳಿಯನಂತೆ ಉಪಚರಿಸಿದರು. ಲಂಗೋಟಿ ಒಗೆಯಲು ನೀರಿಲ್ಲ ಅಂತ ಡೈಪರ್ ಹಾಕಿದರೋ, ಕಸದ ಪ್ರಶ್ನೆ ಎದ್ದಿತು. ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆ ಕೊಡಬೇಕು ಅನ್ನುವುದು ನಿಯಮ. ಮನೆಯಲ್ಲಿ ಯಾರಿಗೂ ಪೇಪರ್ ತರಿಸುವ ಅಭ್ಯಾಸವಿಲ್ಲ. ಡೈಪರ್ ಸುತ್ತಲಿಕ್ಕೆ ಅಂತಲೇ ಮಗಳು ಚಂದಾ ಕಟ್ಟಿದ್ದಾಳೆ. 2025ರಲ್ಲಿ ಬಿಬಿಎಂಪಿ ಹೋಗಿ ಅದರ ಜಾಗದಲ್ಲಿ ಐದು ಪಾಲಿಕೆಗಳು ಬಂದವು. ಡೈಪರ್ ಮಾತ್ರ ಯಾವ ಪಾಲಿಕೆಯಲ್ಲೂ ಕರಗುತ್ತಿಲ್ಲ.

ಕಾನೂನೂ ತನ್ನ ಬಾಯಿ ಹಾಕಿದೆ, ಅಲ್ಪಸ್ವಲ್ಪ ಕೈಯನ್ನೂ ಕೊಟ್ಟಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರ ಇದ್ದ ಸಂಬಳದ ರಜೆ, 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಆರು ತಿಂಗಳ ಎದೆಹಾಲಿನ ಲೆಕ್ಕಕ್ಕೂ ಇದಕ್ಕೂ ಸೊಗಸಾಗಿ ತಾಳೆ ಬೀಳುತ್ತದೆ. ಬೀಳಬೇಕಾದರೆ ಬಸುರಿ ಹೆರಿಗೆಯ ಹಿಂದಿನ ದಿನದವರೆಗೆ ಆಫೀಸಿಗೆ ಹೋಗಿರಬೇಕು, ಯಾಕೆಂದರೆ ಹೆರಿಗೆಗೆ ಮುಂಚೆ ತೆಗೆದುಕೊಂಡ ರಜೆಯೂ ಅದೇ 26ರಲ್ಲಿ ಕಳೆಯುತ್ತದೆ. 50 ಜನ ಅಥವಾ ಹೆಚ್ಚು ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತಲೂ ಬರೆದಿದೆ. ಬಹಳ ಒಳ್ಳೆಯದು. ಆದರೆ ಆಫೀಸು ಬೆಳ್ಳಂದೂರಿನಲ್ಲಿ, ಮನೆ ಬನಶಂಕರಿಯಲ್ಲಿ. ಹಾಲುಗಲ್ಲದ ಕೂಸೂ ಅಮ್ಮನ ಜೊತೆ ದಿನಾ ಸಿಲ್ಕ್ ಬೋರ್ಡ್ ದಾಟಬೇಕು. ಅದು ಆಡುವ ಮೊದಲ ಮಾತು ‘ಅಮ್ಮ’ ಆಗಿರುತ್ತದೋ ‘ಸಿಗ್ನಲ್’ ಆಗಿರುತ್ತದೋ ಹೇಳುವುದು ಕಷ್ಟ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಹಳದಿ ಮೆಟ್ರೋ ಹೊರಟ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಅಮ್ಮಂದಿರು ಸ್ವಲ್ಪ ಉಸಿರಾಡುತ್ತಿದ್ದಾರೆ. ಮಿಕ್ಕವರು ಮೀಟಿಂಗಿನ ನಡುವೆ ಕ್ಯಾಮೆರಾ ಮುಚ್ಚಿ, ಮೈಕು ಮುಚ್ಚಿ, ಮಡಿಲಲ್ಲಿ ಮಗುವಿಗೆ ಹಾಲೂಡಿಸುತ್ತ, ‘ನೆಟ್‌ವರ್ಕ್ ಸರಿಯಿಲ್ಲ’ ಅನ್ನುತ್ತಾರೆ. ಮೈಕು ಮುಚ್ಚುವುದು ಮರೆತ ದಿನ ಮ್ಯಾನೇಜರನಿಗೆ ತೇಗು ಕೇಳಿಸುತ್ತದೆ.

ಇಷ್ಟರ ನಡುವೆ ನಿಜವಾಗಿ ಕೈ ತರುವವಳು ಒಬ್ಬಳಿದ್ದಾಳೆ: ಮಗುವಿಗೆ ನೀರು ಹಾಕಲು ಬರುವವಳು. ತಾವರೆಕೆರೆ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚು ಉಳಿದಿದೆ. ಸೀರೆ ಮೇಲೆತ್ತಿ ಕಟ್ಟಿ, ಕಾಲು ಚಾಚಿ ಕೂತಳೆಂದರೆ ನಮ್ಮ ಮನೆಯ ಆ್ಯಪು, ಪುಸ್ತಕ, ಗೂಗಲ್ ಎಲ್ಲ ಸುಮ್ಮನಾಗುತ್ತವೆ. ಒಂದು ದಿನ ಕೇಳಿದೆ, ‘ನಿಂದು ಬಾಣಂತನ ಎಷ್ಟು ದಿನ ಆಯ್ತೇ?’

‘ಹದಿನೈದು ದಿನ ಅಮ್ಮಾ. ಆಮೇಲೆ ನಿಮ್ಮ ಹಿಂದಿನ ಬೀದೀಲಿ ಮಗು ಆಯ್ತಲ್ಲ, ಕರೆದ್ರು, ಬಂದೆ.’

ಅವಳ ಮಗುವನ್ನು ಆಗ ನೋಡಿಕೊಂಡವಳು ಅವಳ ದೊಡ್ಡ ಮಗಳು, ಐದನೇ ಕ್ಲಾಸು. ಆ 26 ವಾರದ ಪುಸ್ತಕದಲ್ಲಿ ಇವಳ ಹೆಸರಿನ ಹಾಳೆಯೇ ಇಲ್ಲ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಂತ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದ್ದಾರೆ. ಮನೆಗೆಲಸದವರಿಲ್ಲದೆ ಒಂದು ಬೆಳಗೂ ಸಾಗದ ನಮ್ಮ ಬಡಾವಣೆಗಳಿಗೆ ಅಂಥದ್ದೊಂದು ಬೇಕು ಅಂತ ಯಾವ ವಾಕಿಂಗ್ ಗುಂಪೂ ಇನ್ನೂ ಸಲಹೆ ಕೊಟ್ಟಂತಿಲ್ಲ. ಕೊಡಬೇಕಾದ ಕಡೆ ಸಲಹೆ ಖಾಲಿ.

ಇನ್ನೊಂದು ಮಾತು, ಇದನ್ನು ನಗದೆ ಹೇಳುತ್ತೇನೆ. ಕೆಲವು ತಾಯಂದಿರಿಗೆ ವಾರಗಟ್ಟಲೆ ಅಳು ನಿಲ್ಲುವುದಿಲ್ಲ, ಮಗು ಮಲಗಿದರೂ ನಿದ್ದೆ ಹತ್ತುವುದಿಲ್ಲ, ಮಗುವನ್ನು ನೋಡಿದರೇ ಭಯ. ಹಿಂದೆ ಇನ್ನೂ ಜೋರಾಗಿ ಕೆರಳಿದರೆ ಬಾಣಂತಿ ಸನ್ನಿ ಅಂತ ಕದ ಹಾಕಿಬಿಡುತ್ತಿದ್ದರು. ಈಗ, ‘ಬಂಗಾರದಂಥ ಮಗು ಇದೆ, ಖುಷಿಯಾಗಿರೋಕೆ ಏನು ಧಾಡಿ?’ ಅನ್ನುತ್ತಾರೆ. ಬಾಯಿಂದ ವಾಸಿಯಾಗುವ ಕಾಯಿಲೆಯಲ್ಲ ಅದು. ಜಯನಗರಕ್ಕೆ ಅಂಟಿಕೊಂಡಂತೆಯೇ ಇರುವ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ದೇಶದಲ್ಲಿ ಅಂಥದ್ದು ಮೊದಲು ಬಂದದ್ದೇ ಅಲ್ಲಿ. ಅಲ್ಲಿಯವರೆಗೆ ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಫ್ರಿಜ್ಜಿನ ಮೇಲೆ ಪಿಜ್ಜಾದವನ ನಂಬರಿನ ಪಕ್ಕ ಇದನ್ನೂ ಅಂಟಿಸಿಕೊಳ್ಳಿ.

ಕೋಟೆ ಪಕ್ಕದ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಅಂತ ಎದೆಹಾಲಿನ ಬ್ಯಾಂಕ್ ಶುರುವಾಯಿತು. ‘ಹಾಲಿಗೂ ಬ್ಯಾಂಕೇ? ಬಡ್ಡಿ ಎಷ್ಟಂತೆ?’ ಅಂದರು ಬೀಗಿತ್ತಿ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳಿಗೆ, ಅಮ್ಮನಿಗೆ ಹಾಲು ಸಾಲದಿದ್ದಾಗ, ಬೇರೆ ಅಮ್ಮಂದಿರು ಕೊಟ್ಟ ಹಾಲು ಅಲ್ಲಿಂದ ಹೋಗುತ್ತದೆ. ಯಾರದೋ ಮಗುವಿಗೆ ಹಾಲು ಕೊಟ್ಟು, ಒಂದೇ ಒಂದು ಸಲಹೆಯನ್ನೂ ಕೊಡದೆ ಎದ್ದು ಹೋಗುವ ಹೆಂಗಸರು ಈ ಊರಲ್ಲಿದ್ದಾರೆ ಅಂತ ಕೇಳಿ ನನಗೆ ಮೈ ಜುಮ್ಮೆಂದಿತು.

ಅದೇ ಧೈರ್ಯದಲ್ಲಿ, ಬಾಣಂತಿ ನೋಡಲು ಬರುವವರಿಗಾಗಿ ನಮ್ಮ ಬಾಗಿಲಿಗೆ ಒಂದು ದರಪಟ್ಟಿ ತೂಗು ಹಾಕುವವಳಿದ್ದೇನೆ. ಸಾಕ್ಸ್, ಟೋಪಿ, ಬಿಸಿಲು ಮುಂತಾದ ಚಿಲ್ಲರೆ ಸಲಹೆಗೆ ಒಂದು ಬಕೆಟ್ ಬಟ್ಟೆ ಮಡಿಸಬೇಕು. ‘ಹಾಲು ಸಾಲ್ತಿದೆಯಾ? ಮಗು ಸಣ್ಣಗಾಗಿದೆಯಲ್ಲ’ ಅಂದವರು ನಾಳೆ ಮಧ್ಯಾಹ್ನ ಕ್ಯಾರಿಯರಿನಲ್ಲಿ ಬಿಸಿ ಅನ್ನ, ಸಾರು, ಪಲ್ಯ ತರಬೇಕು, ತೊಳೆದ ಡಬ್ಬ ವಾಪಸು ಕೇಳಕೂಡದು. ‘ನಮ್ಮ ಕಾಲದಲ್ಲಿ’ ಅಂತ ಶುರುಮಾಡಿದವರು ಮಗುವನ್ನು ಒಂದು ಗಂಟೆ ಎತ್ತಿಕೊಂಡಿದ್ದು, ಅಮ್ಮ ಮಲಗಿ ಏಳುವ ತನಕ ಆ ಕಾಲದ ಕತೆಯನ್ನು ಮಗುವಿಗೇ ಹೇಳಬೇಕು. ‘ಸಹಾಯ ಬೇಕಿದ್ರೆ ಹೇಳಿ’ ಅನ್ನುವ ಅಪ್ಪಂದಿರಿಗೆ ರಿಯಾಯಿತಿ ಇಲ್ಲ. ಸ್ವಂತ ಮಗುವಿಗೆ ಮಾಡುವುದನ್ನು ಸಹಾಯ ಅಂತ ಕರೆದದ್ದಕ್ಕೆ ಒಂದು ವಾರದ ಡೈಪರ್ ಪಾಳಿ. ಇನ್ನು, ‘ಎರಡನೇದು ಯಾವಾಗ?’ ಅಂತ ಕೇಳುವವರಿಗೆ ರಾತ್ರಿ ಪಾಳಿ, ಹತ್ತರಿಂದ ಆರು. ಹಾಸಿಗೆ, ದಿಂಬು ನಾವೇ ಕೊಡುತ್ತೇವೆ. ನಿದ್ದೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.